ಆಲ್ಕೊಹಾಲ್ ತೆಗೆದ ವೈನ್: ಕೊಳ್ಳುವುದು, ಕುಡಿಯುವುದು ಹೇಗೆ?

ವೈನ್‌ನಿಂದ ಆಲ್ಕೊಹಾಲ್ ತೆಗೆದರೆ ಅಮಲಿನ ಜೊತೆಗೆ ರುಚಿಯ ಒಂದು ಪಾಲೂ ಹೋಗುತ್ತದೆ. ಸಾಮಾನ್ಯ ವೈನ್‌ನಲ್ಲಿ ಶೇ 12ರಿಂದ 14ರಷ್ಟಿರುವ ಆಲ್ಕೊಹಾಲ್ ಬಾಯಿಗೆ ಮಂದತೆ, ಬಿಸುಪು, ನಸುಸಿಹಿ ಕೊಡುತ್ತದೆ. ಅದಿಲ್ಲದ ವೈನ್ ತೆಳ್ಳಗಾಗುತ್ತದೆ. ಹುಳಿ ಮುಂದಾಗುತ್ತದೆ, ಕೆಂಪು ವೈನ್ ಆದರೆ ಒಗರೂ ಹೆಚ್ಚುತ್ತದೆ. ಇದನ್ನು ಮುಚ್ಚಲು ತಯಾರಕರು ಸಕ್ಕರೆ ಅಥವಾ ದ್ರಾಕ್ಷಿ ರಸ ಬೆರೆಸುವುದುಂಟು.

ಎಷ್ಟು ಕೆಡುತ್ತದೆ ಎಂಬುದು ತೆಗೆಯುವ ವಿಧಾನಕ್ಕೆ ಬಿಟ್ಟದ್ದು. ಆಲ್ಕೊಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅಷ್ಟು ಶಾಖಕ್ಕೆ ವೈನ್ ಬೆಂದ ವಾಸನೆ ಹೊಡೆಯುತ್ತದೆ. ಹಾಗಾಗಿ ಕಾರ್ಖಾನೆಗಳಲ್ಲಿ ಗಾಳಿಯ ಒತ್ತಡ ಇಳಿಸಿ, ಸುಮಾರು 30 ಡಿಗ್ರಿಯಲ್ಲೇ ಅದನ್ನು ಆವಿ ಮಾಡುತ್ತಾರೆ. ‘ಸ್ಪಿನ್ನಿಂಗ್ ಕೋನ್’ ಯಂತ್ರದಲ್ಲಿ ಮೊದಲು ಪರಿಮಳವನ್ನು ಬೇರೆ ತೆಗೆದಿಟ್ಟು, ಆಲ್ಕೊಹಾಲ್ ಹೋದ ಮೇಲೆ ಮರಳಿ ಸೇರಿಸುತ್ತಾರೆ. ಕುಡಿಯುವ ನೀರಿನ ಆರ್‌ಒ ತತ್ವದಲ್ಲಿ ಸೋಸುವುದೂ ಇದೆ. ಮನೆಯಲ್ಲಿ ಕುದಿಸಿ ತೆಗೆಯುವ ಯತ್ನ ಮಾತ್ರ ಬೇಡ: ಅಡುಗೆಗೆ ಹಾಕಿದ ವೈನ್ ಅರ್ಧ ಗಂಟೆ ಕುದಿದರೂ ಆಲ್ಕೊಹಾಲಿನ ಮೂರನೇ ಒಂದರಷ್ಟು ಉಳಿದಿರುತ್ತದೆ, ರುಚಿ ಅದಕ್ಕೂ ಮೊದಲೇ ಹೋಗಿರುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಲೇಬಲ್ಲಿನ ಪದಾರ್ಥಗಳ ಸಾಲು. ‘ನಾನ್ ಆಲ್ಕೊಹಾಲಿಕ್’ ಎಂದು ಬರೆದ ಬಾಟಲಿಯಲ್ಲಿ ಹುದುಗದ ದ್ರಾಕ್ಷಿ ರಸವೇ ಇರಬಹುದು. ಹುದುಗಿಸಿ ಆಲ್ಕೊಹಾಲ್ ತೆಗೆದದ್ದಾದರೆ ‘ಡೀಆಲ್ಕೊಹಾಲೈಸ್ಡ್ ವೈನ್’ ಎಂದಿರುತ್ತದೆ. 2013ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯ ರಸ ತನ್ನಷ್ಟಕ್ಕೇ ಸೊಗಸು; ಅಂಥ ರಸವನ್ನು ವೈನ್ ಬೆಲೆಗೆ ಕೊಳ್ಳುವುದು ದಂಡ.

ಭಾರತದ ಆಹಾರ ನಿಯಮದಲ್ಲಿ ಶೇ 0.5ಕ್ಕಿಂತ ಹೆಚ್ಚು ಆಲ್ಕೊಹಾಲ್ ಇದ್ದರಷ್ಟೇ ಅದು ಮದ್ಯ. ಅಂದರೆ ‘ರಹಿತ’ ಎಂದ ಬಾಟಲಿಯಲ್ಲೂ ತುಸು ಇರಬಹುದು. ಗರ್ಭಿಣಿಯರು, ಕುಡಿತ ಬಿಟ್ಟವರು, ವ್ರತ ಹಿಡಿದವರು ಶೇ 0.0 ಎಂದಿರುವುದನ್ನೇ ಆರಿಸಬೇಕು. ಸಕ್ಕರೆ ಕಾಯಿಲೆ ಇದ್ದವರು 100 ಮಿಲಿಲೀಟರಿಗೆ ಎಷ್ಟು ಸಕ್ಕರೆ ಎಂಬುದನ್ನು ಓದಬೇಕು.

ಮೊದಲ ಸಲ ಕೊಳ್ಳುವವರಿಗೆ ನೊರೆಯುಕ್ಕುವ ಬಿಳಿ ವೈನ್ ವಾಸಿ. ಹೋದ ಮಂದತೆಯ ಜಾಗವನ್ನು ಗುಳ್ಳೆಗಳು ಒಂದಿಷ್ಟು ತುಂಬುತ್ತವೆ. ಕೆಂಪು ವೈನ್ ನಿರಾಸೆ ಮಾಡುವುದೇ ಹೆಚ್ಚು. ಯಾವುದೇ ಆಗಲಿ, ಚೆನ್ನಾಗಿ ತಣಿಸಿ, ಊಟದ ಜೊತೆ ಕುಡಿಯುವುದು ಮೇಲು.

ಆಲ್ಕೊಹಾಲಿನ ಕಾವಲಿಲ್ಲದ ವೈನ್ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸಿಂಧನೂರು, ಗೊರೇಬಾಳದ ಕಡೆ ಬಾಟಲಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಡಬಾರದು. ಇದನ್ನು ವರ್ಷಗಟ್ಟಲೆ ಇಟ್ಟರೆ ಹದಗೊಳ್ಳುವುದೂ ಇಲ್ಲ. ಲೇಬಲ್ಲಿನ ದಿನಾಂಕದೊಳಗೆ ಕುಡಿಯಬೇಕು. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು.