ಬೂಮ್ ಬ್ಯಾರಿಯರ್ ಇರುವ ಗೇಟು: ಮಾಡಬೇಕಾದ್ದು, ಮಾಡಬಾರದ್ದು

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಕನಕಪುರ ರಸ್ತೆ, ಹೆಬ್ಬಾಳ, ಎಲ್ಲಿಗೇ ಹೋಗಿ, ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಈಗ ವಾಚ್‌ಮನ್ ಓಡಿಬಂದು ಸರಪಳಿ ಬಿಚ್ಚುವುದಿಲ್ಲ. ಕಾರು ಹತ್ತಿರ ಬಂದರೆ ಸಾಕು, ಗಾಜಿನ ಮೇಲಿನ ಟ್ಯಾಗ್ ಓದಿಯೋ ನಂಬರ್ ಪ್ಲೇಟಿನ ಚಿತ್ರ ಹಿಡಿದೋ ಬೂಮ್ ಬ್ಯಾರಿಯರ್ ತಾನಾಗಿ ಏಳುತ್ತದೆ. ಕೆಲಸ ಹಗುರಾಯಿತು, ಜಗಳ ಮಾತ್ರ ಹಗುರಾಗಲಿಲ್ಲ. ಟ್ಯಾಗ್ ಓದಲಿಲ್ಲವೆಂದು ಹಾರನ್, ಸ್ಕೂಟರಿನವರ ಹೆಗಲಿಗೆ ಕೋಲು ಬಿತ್ತೆಂದು ರಂಪ, ಆಂಬುಲೆನ್ಸ್ ಹೊರಗೇ ನಿಂತಿತೆಂದು ಸಂಘದ ಸಭೆಯಲ್ಲಿ ಕೂಗಾಟ.

ಒಂದು ಮಾತು ಎಲ್ಲರಿಗೂ ತಿಳಿದಿರಲಿ. ಈ ಯಂತ್ರ ಗುರುತಿಸುವುದು ಸ್ಟಿಕ್ಕರನ್ನು ಅಥವಾ ಸಂಖ್ಯೆಯನ್ನು. ಸ್ಟೇರಿಂಗ್ ಹಿಂದೆ ಕೂತವರು ಯಾರು, ಕೋಲಿನ ಕೆಳಗೆ ನಿಂತವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ನಿವಾಸಿಗಳು, ಗಾರ್ಡುಗಳು ಮತ್ತು ಸಂಘದ ಸಮಿತಿ. ಕೆಳಗಿನ ಸೂಚನೆಗಳು ಈ ಮೂವರಿಗೂ ಅನ್ವಯಿಸುತ್ತವೆ.

1. ಟ್ಯಾಗ್

ಮಾಡಬೇಕಾದ್ದು

• ಟ್ಯಾಗನ್ನು ಮುಂಗಾಜಿನ ಒಳಬದಿಗೆ, ಹಿನ್ನೋಟದ ಕನ್ನಡಿಯ ಹಿಂದೆ ಅಂಟಿಸಿ. ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ಗೇಟಿನ ರೀಡರ್ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಅಲೆ ಕಳಿಸುತ್ತದೆ, ಆ ಅಲೆಯ ಶಕ್ತಿಯಿಂದಲೇ ಟ್ಯಾಗ್ ಉತ್ತರ ಕೊಡುತ್ತದೆ. ಅಲೆಯನ್ನು ಲೋಹ ತಡೆಯುತ್ತದೆ. ಬಿಸಿಲಿನ ಶಾಖ ತಡೆಯುವ ಕೆಲವು ಗಾಜುಗಳಲ್ಲಿ ತೆಳು ಲೋಹದ ಲೇಪ ಇರುತ್ತದೆ. ಅಂಥ ಕಾರುಗಳಲ್ಲಿ ಕನ್ನಡಿಯ ಹಿಂದೆ ಲೇಪವಿಲ್ಲದ ಜಾಗ ಬಿಟ್ಟಿರುತ್ತಾರೆ. ಟ್ಯಾಗಿನ ಜಾಗ ಅದೇ.

• ಸಂಘದ ಟ್ಯಾಗ್ ಮತ್ತು ಫಾಸ್ಟ್ಯಾಗ್ ನಡುವೆ ಒಂದು ಗೇಣಾದರೂ ಅಂತರ ಇರಲಿ. ಒಂದರ ಮೇಲೊಂದು ಅಂಟಿಸಿದರೆ ಎರಡೂ ಸರಿಯಾಗಿ ಓದುವುದಿಲ್ಲ.

• ನಿಮ್ಮ ಗೇಟು ಫಾಸ್ಟ್ಯಾಗನ್ನೇ ಗುರುತಾಗಿ ಬಳಸುತ್ತಿದ್ದರೆ, ಬ್ಯಾಂಕ್ ಬದಲಿಸಿ ಹೊಸ ಫಾಸ್ಟ್ಯಾಗ್ ಪಡೆದ ದಿನವೇ ಕಚೇರಿಗೆ ತಿಳಿಸಿ. ಗುರುತಿನ ಸಂಖ್ಯೆ ಬದಲಾಗಿರುತ್ತದೆ, ಹಳೆಯದು ಗೇಟು ತೆರೆಯದು. ದುಡ್ಡು ಕಡಿತವಾದೀತೆಂದು ಹೆದರಬೇಕಿಲ್ಲ. ಗೇಟಿನ ರೀಡರ್ ಓದುವುದು ಸಂಖ್ಯೆಯನ್ನು ಮಾತ್ರ. ಹಣ ಕಡಿತಕ್ಕೆ ಟೋಲ್ ಜಾಲದ ಮೂಲಕ ವ್ಯವಹಾರ ನಡೆಯಬೇಕು, ಅಪಾರ್ಟ್‌ಮೆಂಟಿನ ರೀಡರಿಗೆ ಆ ಸಂಪರ್ಕವಿಲ್ಲ.

• ಕಾರು ಮಾರಿದರೆ, ಮನೆ ಖಾಲಿ ಮಾಡಿದರೆ ಟ್ಯಾಗ್ ಕಿತ್ತು ಕಚೇರಿಗೆ ಒಪ್ಪಿಸಿ. ಕೀಳುವಾಗ ಹರಿದರೆ ಚಿಂತೆಯಿಲ್ಲ, ಬೇರೆಡೆ ಅಂಟಿಸಲಾಗದಂತೆ ಹರಿಯಲೆಂದೇ ಅದನ್ನು ಮಾಡಿರುತ್ತಾರೆ.

ಮಾಡಬಾರದ್ದು

• ಟ್ಯಾಗನ್ನು ರಟ್ಟಿಗೆ ಅಂಟಿಸಿ ಕೈಯಲ್ಲಿ ಹಿಡಿದು ತೋರಿಸಬೇಡಿ. ಹಾಗೆ ಮಾಡಿದರೆ ಅದು ವಾಹನದ ಗುರುತಲ್ಲ, ಯಾರ ಕೈಯಲ್ಲಿದೆಯೋ ಅವರ ಪಾಸು. ಗಾಜಿಗೆ ಅಂಟಿಸದ ಫಾಸ್ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರವೂ 2025ರಲ್ಲಿ ಎಚ್ಚರಿಸಿದೆ.

• ಭಾವಮೈದುನನ ಕಾರಿಗೆ, ಗೆಳೆಯನ ಕಾರಿಗೆ, ಮಗನ ಟ್ಯೂಷನ್ ಮೇಷ್ಟ್ರ ಕಾರಿಗೆ ಎಂದು ನಿಮ್ಮ ಹೆಸರಿನಲ್ಲಿ ಟ್ಯಾಗ್ ಪಡೆದು ಹಂಚಬೇಡಿ.

• ಲೋಹದ ಅಂಶವಿರುವ ಸನ್ ಫಿಲ್ಮ್ ಹಾಕಿಸಿಕೊಂಡು, ಟ್ಯಾಗ್ ಓದುತ್ತಿಲ್ಲವೆಂದು ಗಾರ್ಡ್ ಮೇಲೆ ರೇಗಬೇಡಿ.

2. ನಂಬರ್ ಪ್ಲೇಟ್

ಮಾಡಬೇಕಾದ್ದು

• ಕ್ಯಾಮೆರಾ ಇರುವ ಗೇಟಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಪ್ಲೇಟನ್ನೇ ಹಾಕಿಸಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅದು ಕಡ್ಡಾಯ. ಅದಕ್ಕಿಂತ ಹಳೆಯ ವಾಹನಗಳಿಗೂ ಹಾಕಿಸಬೇಕೆಂದು ರಾಜ್ಯದ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದರ ಅಕ್ಷರಗಳು ಒಂದೇ ಅಳತೆಯವು, ಮೇಲ್ಮೈ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ರಾತ್ರಿಯಲ್ಲೂ ಕ್ಯಾಮೆರಾ ತಡವರಿಸುವುದಿಲ್ಲ.

• ಮಳೆಗಾಲದಲ್ಲಿ ಪ್ಲೇಟಿನ ಕೆಸರು ಒರೆಸಿ. ಕೆಸರು ಮೆತ್ತಿದ 8 ಕ್ಯಾಮೆರಾದ ಕಣ್ಣಿಗೆ 3 ಆಗುತ್ತದೆ, ಇಲ್ಲವೇ ಬಿ ಆಗುತ್ತದೆ.

ಮಾಡಬಾರದ್ದು

• ಅಲಂಕಾರದ ಅಕ್ಷರ, ಓರೆ ಅಂಕಿ, ಪ್ಲೇಟಿನ ಮೇಲೆ ಹೆಸರು, ಪದವಿ, ಪಕ್ಷದ ಗುರುತು ಬೇಡ. ಕನ್ನಡದ ಅಂಕಿಯಲ್ಲಿ ಬರೆಸುವವರ ಅಭಿಮಾನ ದೊಡ್ಡದು. ಆದರೆ ಕೇಂದ್ರ ಮೋಟಾರು ವಾಹನ ನಿಯಮ 50 ನೋಂದಣಿ ಸಂಖ್ಯೆಗೆ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿಗಳನ್ನೇ ಕೇಳುತ್ತದೆ, ಕ್ಯಾಮೆರಾಕ್ಕೆ ಕಲಿಸಿರುವುದೂ ಅದನ್ನೇ. ಕನ್ನಡ ಕಾಣಬೇಕಾದ ಜಾಗ ಗೇಟಿನ ಸೂಚನಾ ಫಲಕ. ಅಲ್ಲಿ ಕನ್ನಡ ಮೊದಲ ಸಾಲಿನಲ್ಲೇ ಇರುವಂತೆ ಸಂಘವನ್ನು ಒತ್ತಾಯಿಸಿ.

• ಆಯುಧ ಪೂಜೆಯಂದು ಪ್ಲೇಟಿನ ಮೇಲೆ ಅರಿಶಿನ, ಕುಂಕುಮ, ವಿಭೂತಿ ಬಳಿಯಬೇಡಿ, ಹಾರ ಪ್ಲೇಟಿನ ಮೇಲೆ ಜೋಲದಿರಲಿ. ಬಾನೆಟ್ಟಿನ ಮೇಲೆ ಬೇಕಾದಷ್ಟು ಜಾಗವಿದೆ. ಬ್ಯಾರಿಯರಿಗೂ ಪೂಜೆ ಮಾಡುತ್ತೀರಿ, ಮಾಡಿ. ಆದರೆ ಕಂಬದಲ್ಲಿ ಮೊಣಕಾಲೆತ್ತರಕ್ಕೆ ಗುಂಡಗೆ ಹೊಳೆಯುವ ಪುಟ್ಟ ಗಾಜಿಗೆ ಕುಂಕುಮ ಇಡಬೇಡಿ. ಅದು ಬ್ಯಾರಿಯರಿನ ಸುರಕ್ಷತಾ ಸೆನ್ಸರ್. ಬಾಳೆಕಂದನ್ನು ಆ ಕಂಬಕ್ಕೆ ಕಟ್ಟಿದರೆ ಎಲೆ ಅಲುಗಿದಾಗಲೆಲ್ಲ ಸೆನ್ಸರ್ ಮುಚ್ಚಿ, ಕೋಲು ಇಳಿಯದೇ ನಿಲ್ಲುತ್ತದೆ.

3. ಕೋಲಿನ ಕೆಳಗೆ

ಪೆಟ್ಟಾಗುವುದು ಇಲ್ಲೇ. ಹಾಗಾಗಿ ಕೋಲು ಹೇಗೆ ಯೋಚಿಸುತ್ತದೆಂದು ತಿಳಿದಿರಬೇಕು. ಬ್ಯಾರಿಯರ್ ಪಕ್ಕದ ನೆಲವನ್ನು ಗಮನಿಸಿ: ರಸ್ತೆಯನ್ನು ಕೊರೆದು ಮುಚ್ಚಿದ ಆಯತಾಕಾರದ ಕಪ್ಪು ಗೆರೆ ಕಾಣುತ್ತದೆ. ಅದರೊಳಗೆ ಸುತ್ತು ಹಾಕಿದ ತಂತಿ ಇದೆ. ಮೇಲೆ ದೊಡ್ಡ ಲೋಹ ಬಂದರೆ ತಂತಿಯ ವಿದ್ಯುತ್ ಗುಣ ಬದಲಾಗುತ್ತದೆ, ಲೋಹ ಸರಿಯುವ ತನಕ ಕೋಲು ಇಳಿಯುವುದಿಲ್ಲ. ಕಾರಿಗೆ ಇದು ಸಾಕು. ಸ್ಕೂಟರಿನಲ್ಲಿ ಲೋಹ ಕಡಿಮೆ, ಅದೂ ಆಯತದ ನಡುಮಧ್ಯೆ ಹಾದರೆ ತಂತಿಗೆ ತಿಳಿಯದೇ ಹೋಗಬಹುದು. ಮನುಷ್ಯರ ಮೈಯಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅವರನ್ನು ಕಾಯುವುದು ಕಂಬದ ಸೆನ್ಸರ್ ಮತ್ತು ಗಾರ್ಡಿನ ಕಣ್ಣು, ಅಷ್ಟೇ.

ಮಾಡಬೇಕಾದ್ದು

• ಒಂದು ಸಲಕ್ಕೆ ಒಂದೇ ವಾಹನ. ಮುಂದಿನ ಕಾರು ದಾಟಿ, ಕೋಲು ಇಳಿದು, ನಿಮ್ಮ ಟ್ಯಾಗಿಗೆ ಮತ್ತೆ ಎದ್ದ ಮೇಲೆ ಹೊರಡಿ.

• ದ್ವಿಚಕ್ರಗಳಿಗೆ ಬೇರೆ ಹಾದಿ ಮಾಡಿಕೊಡಿ. ಜಾಗವಿಲ್ಲದಿದ್ದರೆ ಅವುಗಳಿಗಾಗಿ ಗಾರ್ಡೇ ಬಟನ್ ಒತ್ತಿ ಕೋಲು ಹಿಡಿದಿಡಲಿ.

• ನಡೆದು ಹೋಗುವವರಿಗೆ ಪಕ್ಕದ ಕಿರುಬಾಗಿಲು ಹಗಲೂ ರಾತ್ರಿ ತೆರೆದಿರಲಿ. ಗಾಲಿಕುರ್ಚಿ, ಮಕ್ಕಳ ಗಾಡಿ ಹೋಗುವಷ್ಟು ಅಗಲವಿರಲಿ.

• ಕೋಲಿನ ಕೆಳ ಅಂಚಿಗೆ ರಬ್ಬರ್ ಪಟ್ಟಿ, ಉದ್ದಕ್ಕೂ ಹೊಳೆಯುವ ಕೆಂಪು-ಬಿಳಿ ಸ್ಟಿಕ್ಕರ್ ಕಡ್ಡಾಯವಾಗಿ ಇರಲಿ.

ಮಾಡಬಾರದ್ದು

• ಕಾರಿನ ಬಾಲ ಹಿಡಿದು ಸ್ಕೂಟರ್ ನುಗ್ಗಿಸಬೇಡಿ. ಕೋಲಿನ ಪೆಟ್ಟುಗಳಿಗೆ ಮುಖ್ಯ ಕಾರಣ ಈ ಅವಸರವೇ.

• ಮಕ್ಕಳು ಕೋಲಿಗೆ ಜೋತಾಡುವುದು, ಅದರ ಕೆಳಗೆ ಸೈಕಲ್ ಬಿಡುವುದು ಬೇಡವೇ ಬೇಡ. ಇದನ್ನು ಗಾರ್ಡ್ ಹೇಳಿದರೆ ಮಕ್ಕಳು ಕೇಳುವುದಿಲ್ಲ. ಅಪ್ಪ ಅಮ್ಮಂದಿರು ಹೇಳಬೇಕು.

• ಕೋಲು ಬೇಗ ಇಳಿಯಲೆಂದು ಸೆನ್ಸರಿನ ತಂತಿ ಬಿಚ್ಚಿಸಬೇಡಿ. ದುರಸ್ತಿಗೆ ಬಂದ ಹುಡುಗ ಹಾಗೆ ಮಾಡಿ ಹೋದರೆ ಸಮಿತಿ ಆ ದಿನವೇ ಮತ್ತೆ ಜೋಡಿಸಿಕೊಳ್ಳಬೇಕು.

4. ತುರ್ತಿನ ಹೊತ್ತು

ಮಾಡಬೇಕಾದ್ದು

• ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್: ಮೊದಲು ಕೋಲು ಎತ್ತಿ, ಆಮೇಲೆ ಕೇಳಿ. ಗಾರ್ಡ್ ಕೋಣೆಯಲ್ಲಿ ಈ ಸಾಲು ದೊಡ್ಡ ಅಕ್ಷರದಲ್ಲಿ ಇರಲಿ. ಜೊತೆಗೆ 112, 108, 101 ಸಂಖ್ಯೆಗಳೂ ಇರಲಿ.

• ಕೋಲನ್ನು ಕೈಯಿಂದ ಎತ್ತಲು ಮೋಟರಿನ ಹಿಡಿತ ಬಿಡಿಸುವ ಕೀಲಿ ಇರುತ್ತದೆ. ಅದು ಗಾರ್ಡ್ ಕೋಣೆಯ ಮೊಳೆಯಲ್ಲಿ ತೂಗುತ್ತಿರಬೇಕು, ಕಾರ್ಯದರ್ಶಿಯ ಮನೆಯ ಡ್ರಾಯರಿನಲ್ಲಿ ಅಲ್ಲ. ಪ್ರತಿ ಪಾಳಿಯ ಗಾರ್ಡ್ ತಿಂಗಳಿಗೊಮ್ಮೆ ಅದನ್ನು ಬಳಸಿ ತೋರಿಸಲಿ.

• ಬ್ಯಾರಿಯರ್, ರೀಡರ್, ಕ್ಯಾಮೆರಾ ಮೂರಕ್ಕೂ ಯುಪಿಎಸ್ ಇರಲಿ. ಸಿಡಿಲಿನ ದಿನಗಳಿಗೆ ಸರ್ಜ್ ರಕ್ಷಕ, ಸರಿಯಾದ ಅರ್ಥಿಂಗ್ ಇರಲಿ. ಬೆಂಕಿಯ ಅಲಾರಂ ಹೊಡೆದರೆ ಕೋಲು ತಾನೇ ಎದ್ದು ಮೇಲೇ ನಿಲ್ಲುವಂತೆ ಜೋಡಿಸಿಕೊಡಲು ಗುತ್ತಿಗೆದಾರನಿಗೆ ಬರವಣಿಗೆಯಲ್ಲಿ ಹೇಳಿ.

ಮಾಡಬಾರದ್ದು

• ಆಂಬುಲೆನ್ಸ್ ಚಾಲಕನನ್ನು ಯಾವ ಫ್ಲ್ಯಾಟು, ಒಟಿಪಿ ಏನು ಎಂದು ನಿಲ್ಲಿಸಿ ಕೇಳಬೇಡಿ. ಫ್ಲ್ಯಾಟಿನ ಮಾಹಿತಿ ಕೊಡಬೇಕಾದ್ದು ಕರೆ ಮಾಡಿದ ಮನೆಯವರು. ಕರೆ ಮಾಡಿದ ಮರುಕ್ಷಣವೇ ಗೇಟಿಗೂ ಇಂಟರ್‌ಕಾಮ್ ಹಚ್ಚಿ.

• ಗೇಟಿನ ಅಗಲ ಕುಗ್ಗಿಸಬೇಡಿ. ಎತ್ತರದ ಕಟ್ಟಡಗಳ ಪ್ರವೇಶ 6 ಮೀಟರ್‌ಗಿಂತ ಕಿರಿದಾಗಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಲ್ಲಿ ಹೂಕುಂಡ ಸಾಲು, ಗಾರ್ಡಿನ ಹೊಸ ಕೋಣೆ, ನಡುಗಂಬ ಇಟ್ಟರೆ ಅಗ್ನಿಶಾಮಕ ವಾಹನ ತಿರುಗಲಾರದು.

• ಎರಡನೇ ಗೇಟಿಗೆ ಬೀಗ ಜಡಿದು ಮರೆತುಬಿಡಬೇಡಿ.

5. ಹೊರಗಿನಿಂದ ಬರುವವರು

ಮಾಡಬೇಕಾದ್ದು

• ಅತಿಥಿಯ ವಾಹನ ಸಂಖ್ಯೆಯನ್ನು ಅವರು ಹೊರಡುವಾಗಲೇ ಆ್ಯಪ್‌ನಲ್ಲಿ ದಾಖಲಿಸಿ. ಸ್ಮಾರ್ಟ್‌ಫೋನ್ ಬಳಸದ ಹಿರಿಯರಿರುವ ಮನೆಗಳಿಗೆ ಇಂಟರ್‌ಕಾಮ್ ವ್ಯವಸ್ಥೆ ಉಳಿಸಿಕೊಳ್ಳಿ.

• ತಪಾಸಣೆಯ ಜಾಗ ರಸ್ತೆಯಿಂದ ಒಳಗಿರಲಿ. ಕೋಲಿನ ಮುಂದೆ ಕನಿಷ್ಠ ಎರಡು ಕಾರು ನಿಲ್ಲುವಷ್ಟು ಜಾಗ ನಿಮ್ಮದೇ ನೆಲದಲ್ಲಿ ಬಿಡಿ.

• ಡೆಲಿವರಿಯವರಿಗೆ ನೆರಳು, ಕುಡಿಯುವ ನೀರು, ಗಾಡಿ ನಿಲ್ಲಿಸಲು ಗುರುತಿಸಿದ ಜಾಗ ಕೊಡಿ.

ಮಾಡಬಾರದ್ದು

• ನಿಮ್ಮ ಸಾಲನ್ನು ಊರಿನ ರಸ್ತೆಗೆ ಚಾಚಬೇಡಿ. ಬೆಳಗಿನ ಶಾಲಾ ಬಸ್ಸಿನ ಹೊತ್ತಿಗೆ ನಿಮ್ಮ ಗೇಟಿನ ಮುಂದಿನ ನಾಲ್ಕು ಕಾರು ಇಡೀ ರಸ್ತೆಯನ್ನು ಹಿಡಿದಿಡಬಲ್ಲವು.

• ಲೇಔಟಿನ ರಸ್ತೆಗೆ ಬ್ಯಾರಿಯರ್ ಹಾಕುವ ಮೊದಲು ದಾಖಲೆ ನೋಡಿ. ಮಂಜೂರಾತಿಯ ವೇಳೆ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು, ಅಲ್ಲಿ ಜನರನ್ನು ತಡೆಯುವಂತಿಲ್ಲ ಎಂದು ರಾಜ್ಯದ ಹೈಕೋರ್ಟ್ ಹೇಳಿದೆ.

• ಮನೆಗೆಲಸದವರನ್ನು, ಚಾಲಕರನ್ನು ಪ್ರತಿದಿನವೂ ಹೊಸಬರಂತೆ ನಿಲ್ಲಿಸಿ ವಿಚಾರಿಸಬೇಡಿ. ಒಮ್ಮೆ ನೋಂದಾಯಿಸಿ, ಗುರುತು ಕೊಡಿ, ಗೌರವದಿಂದ ಒಳಗೆ ಬಿಡಿ.

6. ಸಂಘದ ಸಮಿತಿಗೆ

ಗೇಟಿನ ಕಂಪ್ಯೂಟರಿನಲ್ಲಿ ಕೂತಿರುವುದು ಬರೀ ವಾಹನ ಸಂಖ್ಯೆಗಳಲ್ಲ. ಯಾವ ಮನೆಯವರು ಎಷ್ಟು ಹೊತ್ತಿಗೆ ಹೊರಟರು, ಯಾವಾಗ ಬಂದರು, ಯಾರು ಊರಿನಲ್ಲಿಲ್ಲ, ಯಾರ ಮನೆಗೆ ಯಾರು ಬಂದರು, ಎಲ್ಲವೂ ಅದರಲ್ಲಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿವೆ. ದತ್ತಾಂಶದ ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಇರಬಹುದು.

ಮಾಡಬೇಕಾದ್ದು

• ಯಾವ ಮಾಹಿತಿ, ಯಾತಕ್ಕೆ, ಎಷ್ಟು ದಿನ, ಯಾರು ನೋಡಬಹುದು ಎಂಬ ನಾಲ್ಕು ಪ್ರಶ್ನೆಗೆ ಉತ್ತರವನ್ನು ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಿ, ಫಲಕದಲ್ಲಿ ಹಾಕಿ. ಅವಧಿ ಮುಗಿದದ್ದನ್ನು ಅಳಿಸಿ.

• ಟ್ಯಾಗ್ ನಕಲು ತಡೆಯಿರಿ. ಟ್ಯಾಗಿನಲ್ಲಿ ಬರೆದು ಅಳಿಸಬಹುದಾದ ಸಂಖ್ಯೆಯೊಂದಿದೆ, ಕಾರ್ಖಾನೆಯಲ್ಲೇ ಅಚ್ಚಾಗುವ ಬದಲಿಸಲಾಗದ ಸಂಖ್ಯೆಯೊಂದಿದೆ. ಗೇಟು ಎರಡನೆಯದನ್ನು ಓದಲಿ, ಅದನ್ನು ನಂಬರ್ ಪ್ಲೇಟಿನ ಜೊತೆ ತಾಳೆ ನೋಡಲಿ.

• ಯಂತ್ರ ಅಳವಡಿಸಿದವರು ಇಟ್ಟ ಮೂಲ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಸಮಿತಿ ಬದಲಾದಾಗ ಮತ್ತೆ ಬದಲಿಸಿ. ಮಾಹಿತಿ ಸಂಘದ್ದೇ ಹೊರತು ಗುತ್ತಿಗೆದಾರನದ್ದಲ್ಲ ಎಂದು ಕರಾರಿನಲ್ಲಿ ಬರೆಸಿ.

• ಗಾರ್ಡುಗಳಲ್ಲಿ ಅನೇಕರು ಅಸ್ಸಾಂ, ಒಡಿಶಾ ಕಡೆಯವರು. ತರಬೇತಿ ಅವರಿಗೆ ತಿಳಿಯುವ ಭಾಷೆಯಲ್ಲಿ ಆಗಲಿ. ಗೇಟಿನಲ್ಲಿ ಬಳಸುವಷ್ಟು ಕನ್ನಡವನ್ನೂ ಕಲಿಸಿ.

ಮಾಡಬಾರದ್ದು

• ಗೇಟಿನ ವಿಡಿಯೋ ತುಣುಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಳ್ಳತನದ ಸಂಶಯವಿದ್ದರೆ ಪೊಲೀಸರಿಗೆ ಕೊಡಿ.

• ನಿರ್ವಹಣಾ ಶುಲ್ಕ ಬಾಕಿ ಇಟ್ಟವರ ಟ್ಯಾಗ್ ಸ್ಥಗಿತಗೊಳಿಸಬೇಡಿ. ಬಾಕಿ ವಸೂಲಿಗೆ ನೋಟಿಸು, ಬಡ್ಡಿ, ಕಾನೂನಿನ ದಾರಿ ಇವೆ. ಮನೆಯವರನ್ನು ಅವರದೇ ಮನೆಯ ಬಾಗಿಲಲ್ಲಿ ತಡೆಯುವುದು ವಸೂಲಿಯಲ್ಲ, ದಬ್ಬಾಳಿಕೆ.

• ಯಂತ್ರ ಬಂತೆಂದು ರಾತ್ರಿ ಪಾಳಿಯ ಗಾರ್ಡನ್ನು ತೆಗೆಯಬೇಡಿ. ಕೋಲು ಕೆಟ್ಟು ನಿಂತಾಗ ಅದನ್ನು ಎತ್ತಲು ಒಬ್ಬ ಮನುಷ್ಯ ಬೇಕೇ ಬೇಕು.

ಎಲ್ಲರಿಗೂ ಕೊನೆಯ ಸೂಚನೆ: ಇವತ್ತು ರಾತ್ರಿ ಗೇಟು ದಾಟುವಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಕೋಲನ್ನು ಕೈಯಲ್ಲಿ ಎತ್ತುವ ಕೀಲಿ ಎಲ್ಲಿದೆ ಎಂದು ಗಾರ್ಡನ್ನು ಕೇಳಿ. ಅವರು ತಕ್ಷಣ ತೆಗೆದು ತೋರಿಸಿದರೆ ಸರಿ. ತಡಬಡಿಸಿದರೆ ಮುಂದಿನ ಸಭೆಗೆ ಕಾಯಬೇಡಿ, ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ.