ಸಸ್ಯಶರೀರದಲ್ಲಿ ನಂಜಿನ ಸಂಚಾರ

ಸಸ್ಯಗಳಿಗೆ ತಗಲುವ ನಂಜುರೋಗಗಳು ಕೃಷಿಕವರ್ಗಕ್ಕೆ ಅಪರಿಚಿತವೇನಲ್ಲ. ಮಲೆನಾಡಿನ ಏಲಕ್ಕಿಗೆ ಬರುವ ಕಟ್ಟೆರೋಗ, ಬೆಂಡೆಯ ಎಲೆನರಗಳನ್ನು ಹಳದಿಗೊಳಿಸುವ ರೋಗ, ಟೊಮ್ಯಾಟೊ ಎಲೆಗಳನ್ನು ಮುದುಡಿಸುವ ರೋಗ, ಇವೆಲ್ಲಕ್ಕೂ ವೈರಸ್‌ಗಳೇ ಮೂಲ. ಕೀಟವೊಂದು ರಸ ಹೀರಲು ಚುಚ್ಚಿದಲ್ಲಿಯೋ, ಕೆಲಸಗಾರನ ಕೈ ತಾಗಿ ಎಲೆಯ ಸೂಕ್ಷ್ಮ ರೋಮ ಮುರಿದಲ್ಲಿಯೋ ಬೆರಳೆಣಿಕೆಯಷ್ಟು ಜೀವಕೋಶಗಳನ್ನು ಹೊಕ್ಕ ವೈರಸ್, ಕೆಲವು ದಿನಗಳಲ್ಲಿಯೇ ಗಿಡದ ತುದಿಯ ಚಿಗುರಿನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ವತಃ ಚಲನಶಕ್ತಿಯಿಲ್ಲದ ಈ ಕಣವು ಅಷ್ಟು ದೂರ ಸಾಗುವುದು ಹೇಗೆಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ.

ಪ್ರಾಣಿಗಳ ಜೀವಕೋಶಗಳಿಗೆ ಹೊರಗೋಡೆಯಿಲ್ಲ. ಅವುಗಳನ್ನು ಬಾಧಿಸುವ ವೈರಸ್ ಒಂದು ಕೋಶದಿಂದ ಹೊರಬಂದು, ಮತ್ತೊಂದರ ತೆಳುಪೊರೆಗೆ ಅಂಟಿಕೊಂಡು ಒಳನುಗ್ಗಬಲ್ಲದು. ಸಸ್ಯಕೋಶವಾದರೋ ಸೆಲ್ಯುಲೋಸಿನ ಗಟ್ಟಿ ಭಿತ್ತಿಯಿಂದ ಆವೃತವಾದ ಕೋಟೆ. ಈ ಕೋಟೆಯನ್ನು ಒಡೆಯುವ ಆಯುಧ ಸಸ್ಯವೈರಸ್‌ಗಳಲ್ಲಿಲ್ಲ. ಆದರೆ ಕೋಟೆಗೆ ಬಾಗಿಲುಗಳಿವೆ. ನೆರೆಹೊರೆಯ ಕೋಶಗಳ ಜೀವರಸವನ್ನು ಭಿತ್ತಿಯ ಮೂಲಕ ಜೋಡಿಸುವ ಅತಿಸೂಕ್ಷ್ಮ ಎಳೆಗಳನ್ನು 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಗುರುತಿಸಿದನು. 1901ರಲ್ಲಿ ಸ್ಟ್ರಾಸ್‌ಬರ್ಗರ್ ಇವುಗಳಿಗೆ ಪ್ಲಾಸ್ಮೊಡೆಸ್ಮಾ ಎಂದು ಹೆಸರಿಟ್ಟನು. ಸಕ್ಕರೆ, ಲವಣ ಮೊದಲಾದವು ಈ ಕಂಡಿಗಳ ಮೂಲಕವೇ ಕೋಶದಿಂದ ಕೋಶಕ್ಕೆ ಹರಿಯುತ್ತವೆ.

ವೈರಸ್ಸೂ ಈ ದಾರಿಯಲ್ಲಿಯೇ ಸಾಗುತ್ತದೆಂದು ಊಹಿಸುವುದು ಸುಲಭ; ಅಳತೆಗಳು ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಸಸ್ಯವೈರಸ್‌ಗಳಲ್ಲಿ ಅತ್ಯಂತ ಹೆಚ್ಚು ಅಭ್ಯಾಸಕ್ಕೊಳಗಾದ ತಂಬಾಕಿನ ಮೊಸಾಯಿಕ್ ವೈರಸ್ಸನ್ನೇ ನೋಡಬಹುದು. 1892ರಲ್ಲಿ ಇವಾನೊವ್‌ಸ್ಕಿ, 1898ರಲ್ಲಿ ಬೈಯರಿಂಕ್ ಇದರ ಸೋಂಕು ಬ್ಯಾಕ್ಟೀರಿಯಾವನ್ನು ತಡೆಯುವ ಶೋಧಕವನ್ನೂ ದಾಟುವುದೆಂದು ತೋರಿಸಿದರು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಇದನ್ನು ಹರಳುಗೊಳಿಸಿದನು. ಇದರ ಕಣವು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಒಂದು ಕಡ್ಡಿ. (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ.) ಕಂಡಿಯ ಒಳಗೆ ವಸ್ತುಗಳು ನುಸುಳಲು ದೊರೆಯುವ ತೆರಪಾದರೋ 3-4 ನ್ಯಾನೊಮೀಟರ್ ಮಾತ್ರ. ಒನಕೆಯನ್ನು ಬೀಗದ ಕಿಂಡಿಯಲ್ಲಿ ತೂರಿಸಿದಂತೆಯೇ ಸರಿ!

ಈ ಒಗಟನ್ನು ಬಿಡಿಸಲು ನೆರವಾದುದು ಒಂದು ಕುಂಟ ವೈರಸ್. ಜಪಾನಿನಲ್ಲಿ ನಿಶಿಗುಚಿ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಈ ಮಾರ್ಪಾಟು ತಳಿಯ ಹೆಸರು ಎಲ್‌ಎಸ್1. ಇದು 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಲ್ಲ ವೈರಸ್‌ಗಳಂತೆ ಹರಡುತ್ತದೆ. 32 ಡಿಗ್ರಿಗೆ ಏರಿಸಿದೊಡನೆ ಹೊಕ್ಕ ಕೋಶದಲ್ಲಿಯೇ ಬಂದಿಯಾಗುತ್ತದೆ. ಕೋಶದೊಳಗೆ ಅದರ ವಂಶಾಭಿವೃದ್ಧಿಗೆ ಕುಂದಿಲ್ಲ, ಕೆಟ್ಟಿರುವುದು ದಾಟುವ ಶಕ್ತಿ ಮಾತ್ರ. ಬೆಳೆಯುವುದು ಬೇರೆ, ಹರಡುವುದು ಬೇರೆ ಎಂಬುದು ಇಲ್ಲಿ ನಿಸ್ಸಂದೇಹವಾಗಿ ತಿಳಿದುಬಂತು. ಮುಂದೆ ಹುಡುಕಿದಾಗ, ವೈರಸ್ಸಿನ ಸುಮಾರು 30,000 ಅಣುತೂಕದ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದೇ ಈ ಕುಂಟಿಗೆ ಕಾರಣವೆಂದು ಗೊತ್ತಾಯಿತು. ಈ ಪ್ರೋಟೀನಿಗೆ ಸಂಚಾರ ಪ್ರೋಟೀನ್ ಎನ್ನಬಹುದು.

1987ರಲ್ಲಿ ಅಮೆರಿಕದ ರೋಜರ್ ಬೀಚಿ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗ ಬಹು ಸೊಗಸಾದುದು. ಸಂಚಾರ ಪ್ರೋಟೀನಿನ ಜೀನನ್ನು ಅವರು ತಂಬಾಕಿನ ಗಿಡಕ್ಕೇ ಸೇರಿಸಿದರು. ಗಿಡ ತಾನೇ ಆ ಪ್ರೋಟೀನನ್ನು ತಯಾರಿಸತೊಡಗಿತು. ಅಂಥ ಗಿಡದಲ್ಲಿ ಎಲ್‌ಎಸ್1 ತಳಿ ಸೆಕೆಯಲ್ಲಿಯೂ ಸಲೀಸಾಗಿ ಹರಡಿತು! ಎರಡು ವರ್ಷಗಳ ಅನಂತರ, ಅಂಥದೇ ಗಿಡಗಳ ಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಅಣುಗಳನ್ನು ಚುಚ್ಚಿ ನೋಡಲಾಯಿತು. ಸಾಮಾನ್ಯ ಗಿಡದಲ್ಲಿ 800ರಷ್ಟು ಅಣುತೂಕಕ್ಕಿಂತ ಮಿಗಿಲಾದುದು ಕಂಡಿಯನ್ನು ದಾಟುವುದಿಲ್ಲ. ಈ ಗಿಡಗಳಲ್ಲಿ 9,000 ಮೀರಿದ ಅಣುಗಳೂ ದಾಟಿದವು. ಅಂದರೆ ಸಂಚಾರ ಪ್ರೋಟೀನ್ ಕಂಡಿಯನ್ನು ಸೇರಿ ಅದನ್ನು ಹಿಗ್ಗಿಸುತ್ತದೆ.

ಹಿಗ್ಗಿದರೂ 18 ನ್ಯಾನೊಮೀಟರಿನ ಕಡ್ಡಿಗೆ ಆ ದಾರಿ ಸಾಲದು. ಇಲ್ಲಿ ವೈರಸ್ ಮತ್ತೊಂದು ಉಪಾಯ ಹೂಡುತ್ತದೆ. ಕವಚವನ್ನು ಬಿಟ್ಟು, ತನ್ನ ವಂಶವಾಹಿಯಾದ ಆರ್‌ಎನ್‌ಎ ಎಳೆಯನ್ನಷ್ಟೇ ಸಾಗಿಸುತ್ತದೆ. ಸಂಚಾರ ಪ್ರೋಟೀನುಗಳು ಆ ಎಳೆಯುದ್ದಕ್ಕೂ ಅಂಟಿಕೊಂಡು, ಸಿಕ್ಕುಗಟ್ಟಿದ ಎಳೆಯನ್ನು ನೀಳವಾಗಿ ಬಿಡಿಸುತ್ತವೆಂದು 1990ರಲ್ಲಿ ವಿಟಾಲಿ ಸಿಟೊವ್‌ಸ್ಕಿ ಮತ್ತಿತರರು ಪ್ರಕಟಿಸಿದರು. ಉಂಡೆಯಾದ ನೂಲು ಸೂಜಿಯ ಕಣ್ಣನ್ನು ದಾಟದು, ಹುರಿಗೊಳಿಸಿದ ನೂಲು ದಾಟುತ್ತದೆ. ಅಲಸಂದೆಯ ಮೊಸಾಯಿಕ್ ವೈರಸ್ಸಿನ ರೀತಿ ಬೇರೆ. ಅದರ ಪ್ರೋಟೀನು ಕಂಡಿಯೊಳಗೆ ಕೊಳವೆಯನ್ನೇ ಕಟ್ಟುತ್ತದೆ; ಕವಚಸಹಿತವಾದ ಕಣಗಳು ಸಾಲಾಗಿ ಅದರೊಳಗೆ ಸಾಗುತ್ತವೆ.

ಸಸ್ಯವೇನೂ ಕೈಕಟ್ಟಿ ಕುಳಿತಿರುವುದಿಲ್ಲ. ಕಂಡಿಯ ಕೊರಳಿನಲ್ಲಿ ಕ್ಯಾಲೋಸ್ ಎಂಬ ಶರ್ಕರ ಪದಾರ್ಥವನ್ನು ತುಂಬಿ ದಾರಿಯನ್ನು ಬಿಗಿಗೊಳಿಸುತ್ತದೆ. ಕ್ಯಾಲೋಸನ್ನು ಕರಗಿಸುವ ಕಿಣ್ವ ಕಡಿಮೆಯಿರುವ ತಂಬಾಕಿನ ಗಿಡಗಳಲ್ಲಿ ನಂಜು ತಡವಾಗಿ ಹರಡುವುದು ಕಂಡುಬಂದಿದೆ. ಆದರೂ ಎಲೆಯ ನರವನ್ನು ತಲುಪಿ ಆಹಾರ ಸಾಗಿಸುವ ನಾಳವನ್ನು ಸೇರಿತೆಂದರೆ ವೈರಸ್ಸಿಗೆ ಹೆದ್ದಾರಿಯೇ ದೊರೆತಂತೆ. ಟೊಮ್ಯಾಟೊ ಗಿಡಗಳನ್ನು ದಿನದಿನವೂ ತುಂಡರಿಸಿ ಪರೀಕ್ಷಿಸಿದ ಸ್ಯಾಮ್ಯುಯೆಲ್ ಎಂಬಾತನು 1934ರಲ್ಲಿ ವಿವರಿಸಿದಂತೆ, ನಂಜು ಮೊದಲ ಕೆಲವು ದಿನ ಸೋಂಕಿದ ಎಲೆಯಲ್ಲಿಯೇ ಇದ್ದು, ಆಮೇಲೆ ಬೇರಿಗೂ ತುದಿಯ ಎಳೆ ಎಲೆಗಳಿಗೂ ಬೇಗ ಧಾವಿಸುತ್ತದೆ. ನಡುವಿನ ಬಲಿತ ಎಲೆಗಳಿಗೆ ಕಟ್ಟಕಡೆಯಲ್ಲಿ ಬರುತ್ತದೆ. ಈ ದೂರಪ್ರಯಾಣಕ್ಕೆ ಮಾತ್ರ ಕವಚದ ಪ್ರೋಟೀನು ಅವಶ್ಯ.

ಈ ತಿಳಿವಳಿಕೆ ಬರಿಯ ಪ್ರಯೋಗಶಾಲೆಯ ವಿನೋದವಲ್ಲ. ಟೊಮ್ಯಾಟೊವಿನ ಕಾಡುಸಂಬಂಧಿಯೊಂದರಿಂದ ತಳಿತಜ್ಞರು ತಂದ ಟಿಎಂ-2ರ ವರ್ಗ ಎಂದು ಗುರುತಿಸುವ ಜೀನು, ಮೊಸಾಯಿಕ್ ರೋಗದಿಂದ ಬೆಳೆಯನ್ನು ದಶಕಗಳ ಕಾಲ ಕಾಪಾಡಿತು. ಅದು ಗುರುತು ಹಿಡಿಯುವುದು ಈ ಸಂಚಾರ ಪ್ರೋಟೀನನ್ನೇ. ಕಂಡೊಡನೆ ಸೋಂಕಿದ ಕೋಶವನ್ನು ಸಾಯಿಸಿ ನಂಜನ್ನು ಅಲ್ಲಿಯೇ ನಿಲ್ಲಿಸುತ್ತದೆ. ಆದರೆ 2014ರಲ್ಲಿ ಇಸ್ರೇಲಿನಲ್ಲಿ ಈ ಜೀನನ್ನು ಹೊಂದಿದ ಗಿಡಗಳಲ್ಲಿಯೂ ರೋಗ ಕಾಣಿಸಿಕೊಂಡಿತು; 2015ರಲ್ಲಿ ಜೋರ್ಡಾನಿನಲ್ಲಿ ಕಾಯಿಗಳ ಮೇಲೆ ಕಂದು ಸುಕ್ಕುಗಳು ಮೂಡಿದವು. ಟೊಮ್ಯಾಟೊ ಕಂದು ಸುಕ್ಕುಕಾಯಿ ವೈರಸ್ ಎಂಬ ಈ ಹೊಸ ನಂಜು ಬೀಜ, ಕೈ, ಉಪಕರಣಗಳ ಮೂಲಕ ಅನೇಕ ದೇಶಗಳಿಗೆ ಹಬ್ಬಿತು. ಕಾವಲುಗಾರ ಜೀನು ಗುರುತಿಸಲಾಗದಂತೆ ಅದರ ಸಂಚಾರ ಪ್ರೋಟೀನು ವೇಷ ಬದಲಿಸಿಕೊಂಡಿತ್ತು. ಆ ವೇಷಕ್ಕೆ ವೈರಸ್ ಬೆಲೆಯನ್ನೂ ತೆತ್ತಿದೆ: ಬದಲಾದ ಪ್ರೋಟೀನು ಅದನ್ನು ಕೋಶದಿಂದ ಕೋಶಕ್ಕೆ ಮೊದಲಿನಷ್ಟು ಚುರುಕಾಗಿ ಸಾಗಿಸಲಾರದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ.