ಜಠರ ಕಿರಿದು ಮಾಡಿಸಿದ ಮೇಲಿನ ವರ್ಷಗಳು

ನಿಮ್ಮ ಯಜಮಾನರಿಗೆ 138 ಕೆ.ಜಿ. ತೂಕ, ಎಂಟು ವರ್ಷದ ಸಕ್ಕರೆ ಕಾಯಿಲೆ. ದೇವರಾಯನದುರ್ಗದಲ್ಲಿ ಯೋಗಾನರಸಿಂಹನ ಗುಡಿಗೆ ಹತ್ತಲಾಗದೆ ಕೆಳಗೇ ಕೂರುತ್ತಾರೆ ಎಂದು ಬರೆದಿದ್ದೀರಿ. ಆಪರೇಷನ್ ಮಾಡಿಸಿದರೆ ಆಯಸ್ಸು ಕುಗ್ಗುತ್ತದೆಂಬ ಊರಿನವರ ಮಾತಿಗೆ ಹೆದರಬೇಡಿ. ಅಪಾಯವೇ ಇಲ್ಲವೆಂದಲ್ಲ, ಆದರೆ ಆ ಮಾತು ಸುಳ್ಳು.

ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು ಸುಮಾರು 4,000 ಸ್ಥೂಲಕಾಯದವರನ್ನು ದಶಕಗಳ ಕಾಲ ಗಮನಿಸಿತು. 2020ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಆಯಸ್ಸು ಉಳಿದವರಿಗಿಂತ ಅಂದಾಜು 3 ವರ್ಷ ಹೆಚ್ಚು. ಸಕ್ಕರೆ ಕಾಯಿಲೆ ಶಾಶ್ವತವಾಗಿ ಹೋಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ಮಾತ್ರ ನಂಬಬೇಡಿ. ಅದೇ ಅಧ್ಯಯನದಲ್ಲಿ ಎರಡು ವರ್ಷಕ್ಕೆ ನೂರರಲ್ಲಿ 72 ಮಂದಿ ಕಾಯಿಲೆಯಿಂದ ಬಿಡುಗಡೆ ಪಡೆದಿದ್ದರು. ಹತ್ತು ವರ್ಷಕ್ಕೆ ಅದು 36ಕ್ಕೆ ಇಳಿಯಿತು. ಹಳೆಯ ಕಾಯಿಲೆ ಹೊಸದರಷ್ಟು ಸುಲಭವಾಗಿ ಮಣಿಯುವುದೂ ಇಲ್ಲ.

ನನ್ನ ಹೆಚ್ಚಿನ ಚಿಂತೆ ಊಟದ್ದು. ನಮ್ಮ ತುಮಕೂರು ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಕಿರಿದಾದ ಜಠರಕ್ಕೆ ಆ ತುತ್ತು ಇಳಿಯದೆ ವಾಂತಿಯಾಗಬಹುದು. ಮೊದಲ ವಾರಗಳಲ್ಲಿ ವೈದ್ಯರು ಹೇಳಿದಂತೆ ಬೇಳೆಕಟ್ಟು, ಮಜ್ಜಿಗೆ, ತೆಳ್ಳನೆಯ ಅಂಬಲಿ. ಆಮೇಲೆ ಮೊಟ್ಟೆ, ಬೆಂದ ಕಾಳು, ಸಣ್ಣ ತುತ್ತುಗಳಲ್ಲಿ, ಚೆನ್ನಾಗಿ ಅಗಿದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ ಬೇಕು. ರಾಗಿ ತಿನ್ನುತ್ತೇವಲ್ಲ ಎಂದು ಕ್ಯಾಲ್ಸಿಯಂ ಬಿಡುವಂತಿಲ್ಲ. ಮದ್ಯ ಬೇಡವೇ ಬೇಡ: ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸರ್ಜನ್ ಅವರನ್ನು ಕೇಳಿ: ಐದು ವರ್ಷದ ನಂತರವೂ ಇವರ ರಕ್ತಪರೀಕ್ಷೆ ನೋಡಿ, ಆಹಾರದ ಸಲಹೆ ಕೊಡುವವರು ಯಾರು? ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಆಸ್ಪತ್ರೆ ನೋಡಿ.